ಮನೆಯಲ್ಲಿ ರೋಗಿಗಳ ಆರೈಕೆ ಮಾಡುವ ಕುಟುಂಬದವರಿಗೆ ಮಾಹಿತಿ ಮತ್ತು ಮಾರ್ಗದರ್ಶನ

(ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಸಾರ್ವಜನಿಕರ ಗಮನಕ್ಕೆ)

1. ಪೀಠಿಕೆ

ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗವು ಮೇಲ್ಕಂಡ ನಾಲ್ಕು ತಾಲ್ಲೂಕುಗಳನ್ನು ಒಳಗೊಂಡಿದೆ. ಗಂಭೀರ ಕಾಯಿಲೆ ಬಂದಾಗ ಇಲ್ಲಿನ ಜನರು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿಂದ ಮುಂದೆ, 2006ರಲ್ಲಿ ಪ್ರಾರಂಭವಾದ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೋ, ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೋ, ನಾಗಮಂಗಲ ತಾಲ್ಲೂಕಿನ ಬಾಲಗಂಗಾಧರನಾಥ ನಗರದಲ್ಲಿರುವ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ತೆರಳುತ್ತಾರೆ. ಆಸ್ಪತ್ರೆಯ ವಾಸ ಸಾಮಾನ್ಯವಾಗಿ ಕೆಲವು ದಿನಗಳದ್ದು. ಆನಂತರದ ಆರೈಕೆಯಾದರೋ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮನೆಯಲ್ಲಿಯೇ ನಡೆಯಬೇಕಾಗುತ್ತದೆ.

ಈ ಆರೈಕೆಯನ್ನು ಮಾಡುವವರು ಹೆಂಡತಿ, ಸೊಸೆ, ಮಗಳು, ತಾಯಿ, ಕೆಲವೆಡೆ ಗಂಡ ಅಥವಾ ಮಗ. ಇವರಿಗೆ ಯಾವ ತರಬೇತಿಯೂ ಇರುವುದಿಲ್ಲ. ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಿಂದ ಮುಂಬಯಿ ಹಾಗೂ ಬೆಂಗಳೂರಿಗೆ ದುಡಿಯಲು ಹೋದವರು ಬಹಳ ಮಂದಿ. 2020ರ ಕೋವಿಡ್ ಸಮಯದಲ್ಲಿ ಊರಿಗೆ ಹಿಂದಿರುಗಿದವರನ್ನು ಕಂಡಾಗ ಈ ಸಂಗತಿ ಎಲ್ಲರಿಗೂ ಮನವರಿಕೆಯಾಯಿತು. ಹೀಗಾಗಿ ಅನೇಕ ಮನೆಗಳಲ್ಲಿ ವಯಸ್ಸಾದವರನ್ನು ವಯಸ್ಸಾದವರೇ ನೋಡಿಕೊಳ್ಳುವ ಪರಿಸ್ಥಿತಿ ಇದೆ.

ಆರೈಕೆಯೂ ಕಲಿಯಬೇಕಾದ ಕೆಲಸವೇ ಆಗಿದೆ. ಅದನ್ನು ಆಸ್ಪತ್ರೆಯಲ್ಲಿಯೇ ಕಲಿತು ಮನೆಗೆ ಹೋಗಬೇಕು. ಕಲಿಸಿಕೊಡಿರೆಂದು ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಈ ವಿಷಯವನ್ನು ಸಾರ್ವಜನಿಕರಿಗೆ ತಿಳಿಸುವುದೂ, ಆರೈಕೆದಾರರ ಕುಟುಂಬಗಳಿಗೆ ದೊರೆಯಬಹುದಾದ ಸೌಲಭ್ಯಗಳನ್ನು ವಿವರಿಸುವುದೂ ಈ ಲೇಖನದ ಉದ್ದೇಶವಾಗಿರುತ್ತದೆ.

2. ಒಂದು ನಿದರ್ಶನ

ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಅತ್ತೆಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದೆ. ಹನ್ನೆರಡು ದಿನಗಳ ಚಿಕಿತ್ಸೆಯ ನಂತರ ಸಂಜೆ ನಾಲ್ಕು ಗಂಟೆಗೆ ಬಿಡುಗಡೆಯಾಗುತ್ತದೆ. ಸೊಸೆಯ ಕೈಗೆ ಡಿಸ್ಚಾರ್ಜ್ ಚೀಟಿ ಮತ್ತು ಮಾತ್ರೆಗಳ ಪೊಟ್ಟಣ ಬರುತ್ತವೆ. ಮಗ ಬೆಂಗಳೂರಿನಲ್ಲಿ ವಾಹನ ಚಾಲಕ. ಎರಡು ದಿನ ಇದ್ದು ಹಿಂದಿರುಗುತ್ತಾನೆ. ಸೊಸೆ ಅತ್ತೆಯವರಿಗೆ ಹೊತ್ತಿಗೆ ಸರಿಯಾಗಿ ಗಂಜಿ ಕುಡಿಸುತ್ತಾಳೆ, ಮಾತ್ರೆ ಕೊಡುತ್ತಾಳೆ, ಮೈ ಒರೆಸುತ್ತಾಳೆ. ಆದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದನ್ನು ಆಕೆಗೆ ಯಾರೂ ಹೇಳಿರುವುದಿಲ್ಲ. ಹತ್ತನೆಯ ದಿನ ಸೊಂಟದ ಕೆಳಗೆ ಕೆಂಪು ಕಲೆ, ಮೂರನೆಯ ವಾರ ಆಳವಾದ ಹುಣ್ಣು. ಮತ್ತೆ ಆಸ್ಪತ್ರೆ, ಮತ್ತೆ ಸಾಲ. ಊರಿನವರು 'ಸೊಸೆ ಸರಿಯಾಗಿ ನೋಡಿಕೊಳ್ಳಲಿಲ್ಲ' ಎನ್ನುತ್ತಾರೆ.

ಇಲ್ಲಿ ಸೊಸೆಯ ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ. ಕೊರತೆಯಾದದ್ದು ಹತ್ತು ನಿಮಿಷದ ತಿಳಿವಳಿಕೆ ಮಾತ್ರ.

ಈ ಕೊರತೆಯನ್ನು ನೀಗಿಸುವ ಪ್ರಯತ್ನ ನಮ್ಮ ರಾಜ್ಯದಲ್ಲಿಯೇ ನಡೆದಿದೆ. 2010ರ ದಶಕದಲ್ಲಿ ನಾರಾಯಣ ಹೃದಯಾಲಯ ಸಮೂಹದ ಆಸ್ಪತ್ರೆಗಳಲ್ಲಿ ನೂರಾ ಹೆಲ್ತ್ ಎಂಬ ಸಂಸ್ಥೆಯ ಸಹಯೋಗದೊಂದಿಗೆ, ರೋಗಿಯ ಮನೆಯವರಿಗೆ ವಾರ್ಡಿನಲ್ಲಿಯೇ ದಾದಿಯರು ಪಾಠ ಹೇಳುವ ಕೇರ್ ಕಂಪ್ಯಾನಿಯನ್ ಕಾರ್ಯಕ್ರಮ ಆರಂಭವಾಯಿತು. ಚಿತ್ರಪಟಗಳನ್ನು ತೋರಿಸಿ, ಮನೆಯವರ ಕೈಯಿಂದಲೇ ಮಾಡಿಸಿ ಕಲಿಸುವುದು ಇದರ ಕ್ರಮ. ಮುಂದೆ ಇದು ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಿಗೆ ವಿಸ್ತರಿಸಿತು. ನೆರೆಯ ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನಲ್ಲಿ ಮೊದಲಾದ ಉಪಶಾಮಕ ಆರೈಕೆಯ ಚಟುವಟಿಕೆಯು ನೆರೆಹೊರೆಯ ಸ್ವಯಂಸೇವಕರನ್ನು ತರಬೇತುಗೊಳಿಸಿ ರೋಗಿಯ ಮನೆಗೇ ಕಳುಹಿಸುವ ಮಟ್ಟಕ್ಕೆ ಬೆಳೆಯಿತು. 2008ರಲ್ಲಿ ಅಲ್ಲಿನ ಸರ್ಕಾರವು ಇದಕ್ಕಾಗಿ ಪ್ರತ್ಯೇಕ ನೀತಿಯನ್ನೇ ಹೊರಡಿಸಿತು.

3. ಆಸ್ಪತ್ರೆಯಿಂದ ಹೊರಡುವ ಮುನ್ನ ಕೇಳಿ ತಿಳಿಯಬೇಕಾದ ವಿಷಯಗಳು

ಬಿಡುಗಡೆಯ ಹಿಂದಿನ ದಿನವೇ, ಮನೆಯಲ್ಲಿ ನಿಜವಾಗಿ ಆರೈಕೆ ಮಾಡಲಿರುವ ವ್ಯಕ್ತಿಯು ವಾರ್ಡಿನಲ್ಲಿ ಹಾಜರಿರಬೇಕು. ಬಿಲ್ಲು ಕಟ್ಟುವವರು ಒಬ್ಬರು, ಆರೈಕೆ ಮಾಡುವವರು ಮತ್ತೊಬ್ಬರು ಆಗಿರುವುದುಂಟು. ವೈದ್ಯರು ಹೇಳಿದ ಮಾತು ಬಿಲ್ಲು ಕಟ್ಟುವವರಲ್ಲಿಯೇ ಉಳಿದುಹೋದರೆ ರೋಗಿಗೆ ಪ್ರಯೋಜನವಿಲ್ಲ. ಕೆಳಕಂಡ ಪ್ರಶ್ನೆಗಳನ್ನು ವೈದ್ಯರಲ್ಲಿ ಅಥವಾ ದಾದಿಯರಲ್ಲಿ ಕೇಳತಕ್ಕದ್ದು:

(ಅ) ಕಾಯಿಲೆ ಯಾವುದು? ಎಷ್ಟು ದಿನಗಳಲ್ಲಿ ಯಾವ ಮಟ್ಟದ ಸುಧಾರಣೆಯನ್ನು ನಿರೀಕ್ಷಿಸಬಹುದು?
(ಆ) ಯಾವ ಮಾತ್ರೆ, ಯಾವ ಹೊತ್ತಿಗೆ, ಊಟಕ್ಕೆ ಮೊದಲೋ ನಂತರವೋ? ಯಾವುದನ್ನು ಎಂದಿಗೂ ನಿಲ್ಲಿಸಬಾರದು?
(ಇ) ಯಾವ ಲಕ್ಷಣ ಕಂಡರೆ ಮರುದಿನಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಬರಬೇಕು?
(ಈ) ಆಹಾರದಲ್ಲಿ ಯಾವುದನ್ನು ಬಿಡಬೇಕು, ನೀರು ಎಷ್ಟು ಕೊಡಬೇಕು?
(ಉ) ಮುಂದಿನ ತಪಾಸಣೆ ಯಾವಾಗ? ಅದನ್ನು ತಾಲ್ಲೂಕು ಆಸ್ಪತ್ರೆಯಲ್ಲಿಯೇ ಮಾಡಿಸಬಹುದೇ?

ಡಿಸ್ಚಾರ್ಜ್ ಚೀಟಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಮೇಲಿನ ಉತ್ತರಗಳನ್ನು ಕನ್ನಡದಲ್ಲಿ ಬೇರೆ ಹಾಳೆಯ ಮೇಲೆ ಬರೆದುಕೊಳ್ಳಿ. ಇಂಜೆಕ್ಷನ್ ಕೊಡುವುದು, ಗಾಯದ ಪಟ್ಟಿ ಬದಲಿಸುವುದು, ನಳಿಕೆಯ ಮೂಲಕ ಆಹಾರ ನೀಡುವುದು, ಮಂಚದಿಂದ ಕುರ್ಚಿಗೆ ಕೂರಿಸುವುದು ಮುಂತಾದ ಕೆಲಸಗಳನ್ನು ದಾದಿಯರ ಎದುರಿನಲ್ಲಿ ಒಮ್ಮೆಯಾದರೂ ನೀವೇ ಮಾಡಿ ತೋರಿಸಿ. ನೋಡಿ ತಿಳಿದದ್ದಕ್ಕಿಂತ ಮಾಡಿ ತಿಳಿದದ್ದು ಮನಸ್ಸಿನಲ್ಲಿ ಉಳಿಯುತ್ತದೆ.

4. ಮನೆಯಲ್ಲಿ ಅನುಸರಿಸಬೇಕಾದ ಕ್ರಮಗಳು

ಇವು ಸಾಮಾನ್ಯ ಸೂಚನೆಗಳು. ರೋಗಿಯ ವೈದ್ಯರು ಬೇರೆ ಸೂಚನೆ ನೀಡಿದ್ದಲ್ಲಿ ಅದನ್ನೇ ಪಾಲಿಸತಕ್ಕದ್ದು.

ಕೈ ತೊಳೆಯುವುದು: ರೋಗಿಯನ್ನು ಮುಟ್ಟುವ ಮೊದಲು ಮತ್ತು ನಂತರ ಸಾಬೂನಿನಿಂದ ಕೈ ತೊಳೆಯಬೇಕು. ಸೋಂಕು ತಡೆಯಲು ಇದಕ್ಕಿಂತ ಸುಲಭವಾದ, ಕಡಿಮೆ ಖರ್ಚಿನ ಉಪಾಯ ಬೇರೊಂದಿಲ್ಲ.

ಹಾಸಿಗೆ ಹಿಡಿದವರು: ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನಿನ ಕೆಳಭಾಗ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈ ಇವುಗಳನ್ನು ಪ್ರತಿದಿನ ಬೆಳಕಿನಲ್ಲಿ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗಲೂ ಕೆಂಪು ಹಾಗೆಯೇ ಉಳಿದರೆ ಅದು ಹುಣ್ಣಿನ ಮೊದಲ ಸೂಚನೆ. ಮೈಬಣ್ಣ ಕಪ್ಪಾಗಿದ್ದವರಲ್ಲಿ ಕೆಂಪು ಕಾಣದಿರಬಹುದು. ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಅಂತಹ ಜಾಗದ ಮೇಲೆ ಭಾರ ಬೀಳದಂತೆ ಮಲಗಿಸಬೇಕು; ಅದನ್ನು ಉಜ್ಜಬಾರದು. ಹುಣ್ಣಾಗಿದ್ದಲ್ಲಿ ಅರಿಶಿನ, ಸೊಪ್ಪಿನ ರಸ ಮೊದಲಾದವನ್ನು ಹಚ್ಚದೆ ಆರೋಗ್ಯ ಕೇಂದ್ರದಲ್ಲಿ ತೋರಿಸತಕ್ಕದ್ದು. ಹಾಸಿಗೆಯ ಬಟ್ಟೆ ಸುಕ್ಕಿಲ್ಲದೆ, ಒದ್ದೆಯಿಲ್ಲದೆ ಇರಬೇಕು.

ಲಕ್ವ ಹೊಡೆದವರು: ಮಲಗಿಸಿ ಊಟ, ನೀರು ಕೊಡಬಾರದು. ನೇರವಾಗಿ ಕೂರಿಸಿ, ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ನುಂಗುವಾಗ ಕೆಮ್ಮು ಬಂದರೆ, ಧ್ವನಿ ಗೊರಗೊರ ಎಂದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಸ್ವಾಧೀನವಿಲ್ಲದ ಕೈಯನ್ನು ಹಿಡಿದೆಳೆದು ಎಬ್ಬಿಸಬಾರದು. ಭುಜದ ಕೀಲು ಜಾರುವ ಸಂಭವವಿದೆ. ಮತ್ತೆ ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈ ಬಲಹೀನವಾಗುವುದು ಕಂಡರೆ ಒಂದು ಕ್ಷಣವೂ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಮೂಗಿನ ನಳಿಕೆಯಿಂದ ಆಹಾರ ಪಡೆಯುವವರು: ಆಹಾರ ಕೊಡುವಾಗ ಮತ್ತು ಕೊಟ್ಟ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ತಲೆಯ ಭಾಗ ಎತ್ತರದಲ್ಲಿರಬೇಕು. ನಳಿಕೆ ಹೊರಬಂದರೆ ಮನೆಯಲ್ಲಿ ಮತ್ತೆ ತೂರಿಸಲು ಪ್ರಯತ್ನಿಸಬಾರದು.

ಮೂತ್ರದ ನಳಿಕೆ ಇರುವವರು: ಮೂತ್ರದ ಚೀಲ ಯಾವಾಗಲೂ ಸೊಂಟದ ಮಟ್ಟಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಮೂತ್ರ ನಿಂತುಹೋದರೆ, ರಕ್ತ ಕಂಡರೆ, ಚಳಿ ಜ್ವರ ಬಂದರೆ ಕೂಡಲೇ ತೋರಿಸಬೇಕು.

ಸಕ್ಕರೆ ಕಾಯಿಲೆಯವರು: ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದಾಗ ಬೆವರು, ನಡುಕ, ಗಲಿಬಿಲಿ ಉಂಟಾಗಬಹುದು. ಪ್ರಜ್ಞೆ ಇದ್ದಲ್ಲಿ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.

ಡಯಾಲಿಸಿಸ್ ಮಾಡಿಸಿಕೊಳ್ಳುವವರು: ಫಿಸ್ಟುಲಾ ಮಾಡಿರುವ ಕೈಯಲ್ಲಿ ರಕ್ತದೊತ್ತಡ ಅಳೆಯಲು, ರಕ್ತ ತೆಗೆಯಲು ಬಿಡಬಾರದು, ಆ ಕೈಯಲ್ಲಿ ಭಾರ ಹೊರಬಾರದು. ನೀರು ಮತ್ತು ಉಪ್ಪಿನ ಪ್ರಮಾಣವನ್ನು ವೈದ್ಯರು ಹೇಳಿದಂತೆಯೇ ಪಾಲಿಸಬೇಕು.

5. ಆರೈಕೆಯ ದಿನಚರಿ ಪುಸ್ತಕ

ಅಂಗಡಿಯವರು ದಿನದ ಲೆಕ್ಕವನ್ನು ಅಂದಂದೇ ಬರೆಯುವಂತೆ, ಆರೈಕೆಗೂ ಒಂದು ಪುಸ್ತಕವಿರುವುದು ಅವಶ್ಯಕ. ನೂರು ಪುಟದ ಸಾಮಾನ್ಯ ನೋಟ್ ಪುಸ್ತಕ ಸಾಕು. ಎಡಪುಟದಲ್ಲಿ ಕೊಟ್ಟ ಔಷಧಿ, ಊಟ, ಮಗ್ಗುಲು ಬದಲಿಸಿದ ಹೊತ್ತು, ಜ್ವರ, ಮಲಮೂತ್ರದ ವಿವರ. ಬಲಪುಟದಲ್ಲಿ ಆ ದಿನದ ಖರ್ಚು ಬರೆಯಿರಿ. ಔಷಧಿ, ವಾಹನ, ಪರೀಕ್ಷೆಗಳ ಜೊತೆಗೆ, ಆರೈಕೆಗಾಗಿ ಬಿಟ್ಟ ಕೂಲಿಯ ದಿನವನ್ನೂ ಗುರುತು ಹಾಕಿ. ಕಬ್ಬು ಕಡಿಯುವ ಕಾಲದಲ್ಲಿಯೋ ನಾಟಿಯ ಕಾಲದಲ್ಲಿಯೋ ಒಂದು ತಿಂಗಳು ಮನೆಯಲ್ಲಿ ಕುಳಿತ ಹೆಣ್ಣುಮಗಳ ನಷ್ಟ ಯಾವ ಆಸ್ಪತ್ರೆಯ ಬಿಲ್ಲಿನಲ್ಲಿಯೂ ಕಾಣುವುದಿಲ್ಲ. ಆದರೆ ಆ ವೆಚ್ಚ ನಿಜವಾದದ್ದು. ದೂರದ ಊರಿನಲ್ಲಿರುವ ಅಣ್ಣತಮ್ಮಂದಿರು, ಅಕ್ಕತಂಗಿಯರು ಖರ್ಚನ್ನು ಹಂಚಿಕೊಳ್ಳುವಾಗ ಈ ಪುಸ್ತಕವು ಮನಸ್ತಾಪವನ್ನು ತಪ್ಪಿಸುತ್ತದೆ. ವೈದ್ಯರಿಗೂ ಇದು ಬಹಳ ಉಪಯುಕ್ತ.

6. ದೊರೆಯಬಹುದಾದ ಸೌಲಭ್ಯಗಳು

(1) ಚಿಕಿತ್ಸಾ ವೆಚ್ಚ: 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಪಡಿತರ ಚೀಟಿ ಹೊಂದಿದ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸೆ ದೊರೆಯುತ್ತದೆ. ಎ.ಪಿ.ಎಲ್. ಕುಟುಂಬಗಳಿಗೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ ರೂ. 1.5 ಲಕ್ಷ ಮೀರದಂತೆ ಸರ್ಕಾರ ಭರಿಸುತ್ತದೆ. ತುರ್ತು ಸಂದರ್ಭಗಳನ್ನು ಬಿಟ್ಟು, ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅವಶ್ಯಕ.

(2) ವಿಕಲಚೇತನರ ಗುರುತಿನ ಚೀಟಿ: ಕಾಯಿಲೆಯಿಂದ ಶಾಶ್ವತ ನ್ಯೂನತೆ ಉಂಟಾಗಿದ್ದಲ್ಲಿ ಯು.ಡಿ.ಐ.ಡಿ. ಕಾರ್ಡ್‌ಗೆ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಬಹುದು. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ 21 ಬಗೆಯ ನ್ಯೂನತೆಗಳನ್ನು ಹೆಸರಿಸಲಾಗಿದೆ. ಪಾರ್ಕಿನ್ಸನ್ ಕಾಯಿಲೆ, ಮಲ್ಟಿಪಲ್ ಸ್ಕ್ಲೆರೋಸಿಸ್, ಸ್ನಾಯುಕ್ಷಯ, ಥಲಸ್ಸೇಮಿಯಾ, ಕುಸುಮರೋಗ ಇವುಗಳೂ ಅದರಲ್ಲಿ ಸೇರಿವೆ. ಇದೇ ಅಧಿನಿಯಮವು ಸಂಬಳ ಪಡೆದೋ ಪಡೆಯದೆಯೋ ಆರೈಕೆ ಮಾಡುವ ತಂದೆತಾಯಿ ಮತ್ತು ಕುಟುಂಬದವರನ್ನು 'ಆರೈಕೆದಾರ' ಎಂಬ ಪದದಲ್ಲಿ ಸೇರಿಸಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆ ಇದ್ದಲ್ಲಿ ಬಹುತೇಕ ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ.

(3) ಆರೈಕೆದಾರರ ಭತ್ಯೆ: ರಾಜ್ಯದ 2024-25ನೇ ಸಾಲಿನ ಆಯವ್ಯಯದಲ್ಲಿ ಮೆದುಳಿನ ಪಾರ್ಶ್ವವಾಯು, ಸ್ನಾಯುಕ್ಷಯ, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್‌ನಿಂದ ಬಳಲುವವರ ಆರೈಕೆದಾರರಿಗೆ ಮಾಸಿಕ ರೂ. 1,000 ಭತ್ಯೆಯನ್ನು ಘೋಷಿಸಲಾಯಿತು. ಇಲ್ಲಿ ಹೇಳಿರುವ ಮೆದುಳಿನ ಪಾರ್ಶ್ವವಾಯು ಎಂದರೆ ಸೆರೆಬ್ರಲ್ ಪಾಲ್ಸಿ. ವಯಸ್ಸಾದವರಿಗೆ ಬರುವ ಲಕ್ವವಲ್ಲ. ಅರ್ಜಿಯ ವಿಧಾನವನ್ನು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಲ್ಲಿ ಅಥವಾ ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಲ್ಲಿ ವಿಚಾರಿಸಬಹುದು.

(4) ಮಾಸಾಶನ: ಅಂಗವಿಕಲ ಮಾಸಾಶನ, 65 ವರ್ಷ ತುಂಬಿದವರಿಗೆ ಸಂಧ್ಯಾ ಸುರಕ್ಷಾ ಮುಂತಾದವುಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು.

(5) ಕ್ಷಯರೋಗಿಗಳ ಪೋಷಣೆ: ನಿಕ್ಷಯ್ ಪೋಷಣ್ ಯೋಜನೆಯಡಿ 2018ರಲ್ಲಿ ತಿಂಗಳಿಗೆ ರೂ. 500 ಇದ್ದ ನೆರವನ್ನು 2024ರ ನವೆಂಬರ್‌ನಿಂದ ರೂ. 1,000ಕ್ಕೆ ಹೆಚ್ಚಿಸಲಾಯಿತು.

(6) ಬೌದ್ಧಿಕ ನ್ಯೂನತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ನ್ಯೂನತೆ ಉಳ್ಳವರು: ರಾಷ್ಟ್ರೀಯ ನ್ಯಾಸ ಅಧಿನಿಯಮ, 1999ರಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿಯು 18 ವರ್ಷ ಮೀರಿದವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. 'ನಾವು ಹೋದ ಮೇಲೆ ಈ ಮಗುವಿಗೆ ಯಾರು?' ಎಂಬ ಚಿಂತೆಯುಳ್ಳ ತಂದೆತಾಯಿಯರು ತಮ್ಮ ಆರೋಗ್ಯ ಚೆನ್ನಾಗಿರುವಾಗಲೇ ಈ ಕ್ರಮ ಕೈಗೊಳ್ಳುವುದು ಸೂಕ್ತ.

ಅರ್ಜಿದಾರರು ಆಧಾರ್, ಪಡಿತರ ಚೀಟಿ, ಆಧಾರ್ ಜೋಡಣೆಯಾದ ಬ್ಯಾಂಕ್ ಪಾಸ್ ಪುಸ್ತಕ, ಆದಾಯ ಪ್ರಮಾಣ ಪತ್ರ, ಭಾವಚಿತ್ರ ಮತ್ತು ವೈದ್ಯಕೀಯ ದಾಖಲೆಗಳ ಎರಡೆರಡು ಪ್ರತಿಗಳನ್ನು ಒಂದೇ ಕಡತದಲ್ಲಿ ಇಟ್ಟುಕೊಳ್ಳಬೇಕು. ಎಲ್ಲ ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಹೆಸರಿನ ವ್ಯತ್ಯಾಸದಿಂದ ಅರ್ಜಿ ತಿರಸ್ಕೃತವಾಗಬಹುದು. ಸಕಾಲ ವ್ಯಾಪ್ತಿಯ ಸೇವೆಗೆ ಅರ್ಜಿ ಸಲ್ಲಿಸಿದಾಗ ಸಂಖ್ಯೆಯುಳ್ಳ ಸ್ವೀಕೃತಿ ಪತ್ರವನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು. 2012ರಿಂದ ಜಾರಿಯಲ್ಲಿರುವ ಈ ವ್ಯವಸ್ಥೆಯಲ್ಲಿ ನಿಗದಿತ ಅವಧಿ ಮೀರಿದರೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

7. ಹಿರಿಯರ ಪೋಷಣೆ ಮತ್ತು ಆಸ್ತಿಯ ವಿಷಯ

ತಂದೆತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮ, 2007ರಡಿ, ಮಕ್ಕಳು ನೋಡಿಕೊಳ್ಳದಿದ್ದಲ್ಲಿ ಹಿರಿಯರು ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಈ ನಾಲ್ಕು ತಾಲ್ಲೂಕುಗಳಿಗೆ ಪಾಂಡವಪುರದ ಉಪವಿಭಾಗಾಧಿಕಾರಿಗಳು ನ್ಯಾಯಮಂಡಳಿಯ ಅಧ್ಯಕ್ಷರಾಗಿರುತ್ತಾರೆ. ತಿಂಗಳಿಗೆ ರೂ. 10,000ದವರೆಗೆ ಜೀವನಾಂಶಕ್ಕೆ ಆದೇಶಿಸಬಹುದು. ವಕೀಲರಿಲ್ಲದೆ ಅರ್ಜಿದಾರರೇ ಖುದ್ದಾಗಿ ಹಾಜರಾಗಬಹುದು.

ಆರೈಕೆ ಮಾಡುವರೆಂಬ ನಂಬಿಕೆಯಿಂದ ಆಸ್ತಿಯನ್ನು ಬರೆದುಕೊಡುವ ಹಿರಿಯರು, ದಾನಪತ್ರದಲ್ಲಿ ಆರೈಕೆಯ ಷರತ್ತನ್ನು ಸ್ಪಷ್ಟವಾಗಿ ಬರೆಸುವುದು ಒಳ್ಳೆಯದು. ಷರತ್ತು ಪಾಲನೆಯಾಗದಿದ್ದಲ್ಲಿ ಸದರಿ ವರ್ಗಾವಣೆಯನ್ನು ರದ್ದುಪಡಿಸಲು ಅಧಿನಿಯಮದ 23ನೇ ಪ್ರಕರಣದಲ್ಲಿ ಅವಕಾಶವಿದೆ.

8. ಆರೈಕೆದಾರರ ಆರೋಗ್ಯ

ರೋಗಿಯನ್ನು ನೋಡಲು ಬರುವವರು ರೋಗಿಯ ಕ್ಷೇಮವನ್ನು ವಿಚಾರಿಸುತ್ತಾರೆ. ಆರೈಕೆ ಮಾಡುವವರನ್ನು ವಿಚಾರಿಸುವವರು ಕಡಿಮೆ. ನಿದ್ರೆಯಿಲ್ಲದೆ, ಸೊಂಟ ನೋವು ಸಹಿಸಿಕೊಂಡು, ತಮ್ಮ ರಕ್ತದೊತ್ತಡದ ಮಾತ್ರೆಯನ್ನೇ ಮರೆತು ದುಡಿಯುವ ಆರೈಕೆದಾರರು ಒಂದು ದಿನ ತಾವೇ ಹಾಸಿಗೆ ಹಿಡಿದರೆ ಮನೆಯಲ್ಲಿ ಇಬ್ಬರು ರೋಗಿಗಳಾಗುತ್ತಾರೆ. ಆದ್ದರಿಂದ ವಾರಕ್ಕೆ ಅರ್ಧ ದಿನವಾದರೂ ಬೇರೊಬ್ಬರು ಸರದಿ ವಹಿಸಬೇಕು. ಹೊರಗಿರುವ ಮಕ್ಕಳು ಹಣ ಕಳುಹಿಸುವುದರ ಜೊತೆಗೆ, ವರ್ಷದಲ್ಲಿ ಕೆಲವು ದಿನ ಬಂದು ಆರೈಕೆಯ ಕೆಲಸವನ್ನು ತಾವೇ ಮಾಡಬೇಕು. ರೋಗಿಯನ್ನು ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ ಎತ್ತಬೇಕು. ಸಾಧ್ಯವಾದಷ್ಟೂ ಇಬ್ಬರು ಸೇರಿ ಎತ್ತಬೇಕು.

ಕಾರಣವಿಲ್ಲದೆ ಅಳು, ಸಿಟ್ಟು, ಬದುಕು ಬೇಡವೆಂಬ ಯೋಚನೆ ಬರುವುದು ಆರೈಕೆದಾರರ ದೌರ್ಬಲ್ಯವಲ್ಲ; ಅದು ದಣಿವಿನ ಮತ್ತು ಕಾಯಿಲೆಯ ಲಕ್ಷಣ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವುದೇ ಹೊತ್ತಿನಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

9. ಸಾಮಾನ್ಯವಾಗಿ ಕೇಳಬಹುದಾದ ಪ್ರಶ್ನೆಗಳು

ಪ್ರಶ್ನೆ: ಹಾಸಿಗೆ ಹಿಡಿದಿರುವ ನಮ್ಮ ತಂದೆಯವರಿಗೆ ಸಹಿ ಮಾಡಲು ಆಗುವುದಿಲ್ಲ. ಅವರ ಖಾತೆಯ ಹಣ ಪಡೆಯುವುದು ಹೇಗೆ?
ಉತ್ತರ: ಹೆಬ್ಬೆಟ್ಟಿನ ಗುರುತು ಹಾಕಲು ಶಕ್ತರಿದ್ದಲ್ಲಿ, ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳ ಎದುರಿನಲ್ಲಿ ಗುರುತು ಪಡೆಯಬಹುದು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. 70 ವರ್ಷ ಮೀರಿದವರಿಗೆ ಮತ್ತು ವಿಕಲಚೇತನರಿಗೆ ಮನೆಬಾಗಿಲಿನಲ್ಲಿ ಸೇವೆ ಒದಗಿಸುವಂತೆ ಭಾರತೀಯ ರಿಸರ್ವ್ ಬ್ಯಾಂಕ್ 2017ರಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಶಾಖೆಯ ವ್ಯವಸ್ಥಾಪಕರಿಗೆ ಲಿಖಿತ ಮನವಿ ಕೊಡಿ.

ಪ್ರಶ್ನೆ: ತಪಾಸಣೆಗೆ ಮೈಸೂರಿಗೆ ಹೋಗಿಬರುವ ಖರ್ಚು ಹೆಚ್ಚಾಗುತ್ತಿದೆ. ಏನು ಮಾಡುವುದು?
ಉತ್ತರ: ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾಮೂಲಿ ತಪಾಸಣೆ ಮತ್ತು ಮಾತ್ರೆಗಳು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಉಚಿತವಾಗಿ ದೊರೆಯುತ್ತವೆ. ಯಾವ ತಪಾಸಣೆಗೆ ಮೈಸೂರಿಗೇ ಬರಬೇಕೆಂದು ತಜ್ಞರಲ್ಲಿ ಕೇಳಿ ಬರೆಸಿಕೊಳ್ಳಿ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಅವಕಾಶವಿದೆ.

ಪ್ರಶ್ನೆ: ಮನೆಗೆ ಬಂದು ನೋಡಿ ಹೇಳುವವರು ಯಾರಾದರೂ ಇದ್ದಾರೆಯೇ?
ಉತ್ತರ: ಮೊದಲು ಗ್ರಾಮದ ಆಶಾ ಕಾರ್ಯಕರ್ತೆಯರಿಗೆ ತಿಳಿಸಿ. ಅವರ ಮೂಲಕ ಉಪಕೇಂದ್ರದ ಆರೋಗ್ಯ ಸಿಬ್ಬಂದಿಗೆ ವಿಷಯ ಮುಟ್ಟುತ್ತದೆ. ಆರೋಗ್ಯದ ಸಲಹೆಗೆ 104, ಹಿರಿಯ ನಾಗರಿಕರ ಸಮಸ್ಯೆಗಳಿಗೆ 14567 ಸಹಾಯವಾಣಿಗೆ ಕರೆ ಮಾಡಬಹುದು.

10. ಕೊನೆಯದಾಗಿ

ತಮ್ಮ ಮನೆಯ ರೋಗಿಯು ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಗೊತ್ತಾದ ಕೂಡಲೇ, ಆರೈಕೆ ಮಾಡಲಿರುವವರನ್ನು ಕರೆದುಕೊಂಡು ವಾರ್ಡಿನ ದಾದಿಯರ ಬಳಿ ಹೋಗಿ, 'ಮನೆಯಲ್ಲಿ ನಾವು ಏನು ಮಾಡಬೇಕು, ಒಮ್ಮೆ ತೋರಿಸಿಕೊಡಿ' ಎಂದು ಕೇಳಬೇಕಾಗಿ ಸಾರ್ವಜನಿಕರಲ್ಲಿ ವಿನಂತಿಸಲಾಗಿದೆ. ಅಷ್ಟು ಕೇಳಿ ಕಲಿತರೆ, ತಡೆಯಬಹುದಾಗಿದ್ದ ಎಷ್ಟೋ ನೋವು ಮನೆಯ ಹೊಸ್ತಿಲು ದಾಟುವುದಿಲ್ಲ. ಈ ಮಾಹಿತಿಯನ್ನು ಓದಲು ಬಾರದ ನೆರೆಹೊರೆಯವರಿಗೂ ಓದಿ ಹೇಳಬೇಕೆಂದು ಕೋರಲಾಗಿದೆ.